ಕೊನೆಯ ಇಪ್ಪತ್ತು ಪ್ರತಿಶತದ ಆತುರ

ವಿದ್ಯುತ್ ಕಾರನ್ನು ಕೊಂಡವರಲ್ಲಿ ಅನೇಕರು ಪೆಟ್ರೋಲ್ ಬಂಕಿನ ಅಭ್ಯಾಸವನ್ನು ಇನ್ನೂ ಬಿಟ್ಟಿಲ್ಲ. ಟ್ಯಾಂಕಿಗೆ ಮೊದಲ ಲೀಟರು ಎಷ್ಟು ಬೇಗ ಇಳಿಯುವುದೋ ಕೊನೆಯ ಲೀಟರೂ ಅಷ್ಟೇ ಬೇಗ ಇಳಿಯುತ್ತದೆ; ಆದುದರಿಂದ ಅಲ್ಲಿ ‘ಫುಲ್ ಮಾಡಿ’ ಎನ್ನುವುದು ಸಹಜವೇ. ಅದೇ ಮಾತನ್ನು ಹೆದ್ದಾರಿಯ ಶೀಘ್ರ ಚಾರ್ಜಿಂಗ್ ಕೇಂದ್ರದಲ್ಲಿ ಆಡುವುದು ಮಾತ್ರ ವಿವೇಕವೆನಿಸದು.

ತಯಾರಕರ ಪ್ರಕಟಣೆಗಳನ್ನೇ ಗಮನಿಸಬಹುದು. ಹ್ಯುಂಡೈ ಐಯಾನಿಕ್ 5 ಕಾರು 350 ಕಿಲೋವಾಟ್ ಚಾರ್ಜರಿನಲ್ಲಿ 10ರಿಂದ 80 ಪ್ರತಿಶತಕ್ಕೆ 18 ನಿಮಿಷಗಳಲ್ಲಿ ಏರುವುದೆಂದು ಸಂಸ್ಥೆಯು ಹೇಳುತ್ತದೆ. ಉಳಿದ 20 ಪ್ರತಿಶತದ ವಿಷಯದಲ್ಲಿ ಇಂಥ ಜಾಹೀರಾತುಗಳು ಸಾಮಾನ್ಯವಾಗಿ ಮೌನ ತಾಳುತ್ತವೆ. ಅನೇಕ ಕಾರುಗಳಲ್ಲಿ ಆ ಕಡೆಯ ಪಾಲಿಗೆ ಹಿಂದಿನದೆಲ್ಲಕ್ಕೂ ಹಿಡಿದಷ್ಟೇ ಹೊತ್ತು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಇದು ಹೊಸ ಸಂಗತಿಯೂ ಅಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ಪುಟ್ಟ ರೇವಾ ಕಾರಿನ ಸೀಸ-ಆಮ್ಲ ಬ್ಯಾಟರಿಯೂ ಸುಮಾರು ಎರಡೂವರೆ ಗಂಟೆಯಲ್ಲಿ 80 ಪ್ರತಿಶತ ತುಂಬಿ, ಪೂರ್ಣವಾಗಲು 8 ಗಂಟೆ ಕೇಳುತ್ತಿತ್ತು.

ಇದರ ಕಾರಣವನ್ನು ಊಟದ ಪಂಕ್ತಿಯ ದೃಷ್ಟಾಂತದಿಂದ ತಿಳಿಯಬಹುದು. ಪಂಕ್ತಿ ಬರಿದಾಗಿದ್ದಾಗ ಬಂದವರು ಬಂದಂತೆ ಕುಳಿತುಬಿಡುತ್ತಾರೆ. ಕಡೆಯಲ್ಲಿ ಬಂದವರು ಬರಿದಾದ ಎಲೆಯನ್ನು ಹುಡುಕುತ್ತ ಅಲೆಯಬೇಕು. ಲಿಥಿಯಂ ಕೋಶದಲ್ಲಿ ಚಾರ್ಜಿಂಗ್ ಎಂದರೆ ಲಿಥಿಯಂ ಅಯಾನುಗಳು ಒಂದು ಧ್ರುವವನ್ನು ಬಿಟ್ಟು ಇನ್ನೊಂದು ಧ್ರುವದ ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುವುದು. ಪದರಗಳು ತುಂಬುತ್ತ ಬಂದಾಗಲೂ ಮೊದಲಿನ ವೇಗದಲ್ಲೇ ನೂಕಿದರೆ ಅಯಾನುಗಳು ಒಳಹೋಗಲಾರದೆ ಗ್ರಾಫೈಟಿನ ಮೇಲೆಯೇ ಲೋಹವಾಗಿ ಹೆಪ್ಪುಗಟ್ಟುತ್ತವೆ. ಹೀಗೆ ಕಳೆದ ಧಾರಣಶಕ್ತಿ ಬಹುಮಟ್ಟಿಗೆ ಮರಳಿ ಬಾರದು, ಅಪಾಯವೂ ಉಂಟು. ಇದನ್ನು ತಪ್ಪಿಸಲೆಂದೇ ಕಾರಿನೊಳಗಿನ ನಿಯಂತ್ರಣ ವ್ಯವಸ್ಥೆಯು ಪ್ರವಾಹವನ್ನು ಕ್ರಮೇಣ ತಗ್ಗಿಸುತ್ತದೆ. ಚಾರ್ಜರು ಎಷ್ಟೇ ಬಲಶಾಲಿಯಾಗಿದ್ದರೂ ಆಗ ಪ್ರಯೋಜನವಿಲ್ಲ.

ಕಾರಿನ ಒಡೆಯನಿಗೆ ಇದು ಅವನ ಸ್ವಂತ ವೇಳೆಯ ನಷ್ಟ ಮಾತ್ರವೆಂದು ತೋರಬಹುದು. ಆದರೆ ಹಬ್ಬದ ರಜೆಯಲ್ಲಿ, ಒಂದೇ ಚಾರ್ಜರಿನ ಮುಂದೆ ನಾಲ್ಕು ಕಾರುಗಳು ನಿಂತಿರುವಾಗ, ಅವನ ಕಡೆಯ ಇಪ್ಪತ್ತು ಪ್ರತಿಶತಕ್ಕೆ ಬೆಲೆ ತೆರುವವರು ಹಿಂದಿನವರು. ಅವರಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡವರೂ ಆಸ್ಪತ್ರೆಗೆ ಹೊರಟವರೂ ಇರಬಹುದು. ಅಮೆರಿಕದಲ್ಲಿ ಟೆಸ್ಲಾ ಸಂಸ್ಥೆಯು 2019ರಲ್ಲಿ ದಟ್ಟಣೆಯ ಕೇಂದ್ರಗಳಲ್ಲಿ 80 ಪ್ರತಿಶತದ ಮಿತಿಯನ್ನು ತಂದಿತು. ಎಲೆಕ್ಟ್ರಿಫೈ ಅಮೆರಿಕ ಸಂಸ್ಥೆಯು 2024ರಲ್ಲಿ ಕ್ಯಾಲಿಫೋರ್ನಿಯದ ಕೆಲವು ಕೇಂದ್ರಗಳಲ್ಲಿ 85ಕ್ಕೆ ನಿಲ್ಲಿಸುವ ಪ್ರಯೋಗ ಮಾಡಿತು. ನಮ್ಮ ದೇಶದಲ್ಲಿ ದರವು ಸಾಮಾನ್ಯವಾಗಿ ಯೂನಿಟ್ಟಿನ ಲೆಕ್ಕದಲ್ಲಿರುವುದರಿಂದ, ಜಾಗವನ್ನು ಹಿಡಿದು ನಿಲ್ಲುವುದಕ್ಕೆ ಪ್ರತ್ಯೇಕ ಬೆಲೆಯೇ ಇಲ್ಲದಂತಾಗಿದೆ. ಸರದಿಯಿರುವಾಗ 80ರ ಬಳಿಕ ನಿಮಿಷದ ಲೆಕ್ಕದಲ್ಲಿ ದರ ವಿಧಿಸುವುದು ನ್ಯಾಯವಾದೀತು.

ಇದಕ್ಕೆ ಅಪವಾದಗಳೂ ಇವೆ. ಮುಂದಿನ ಕೇಂದ್ರ ದೂರವಿದ್ದು ನಡುವೆ ಘಟ್ಟವಿದ್ದರೆ ಪೂರ್ಣ ತುಂಬಿಸಿಕೊಂಡವನನ್ನು ಯಾರೂ ದೂರಲಾಗದು. ಕಬ್ಬಿಣ-ಫಾಸ್ಫೇಟ್ ಬ್ಯಾಟರಿಗಳನ್ನಂತೂ ಆಗಾಗ ನೂರಕ್ಕೆ ಒಯ್ಯಬೇಕೆಂದು ತಯಾರಕರೇ ಸೂಚಿಸುವುದುಂಟು. ಇಲ್ಲವಾದರೆ ಒಳಗೆ ಉಳಿದಿರುವುದೆಷ್ಟೆಂಬ ಅಂದಾಜು ಕಾರಿಗೇ ತಪ್ಪುತ್ತದೆ. ಆ ಕೆಲಸಕ್ಕೆ ತಕ್ಕ ಸ್ಥಳ ಮನೆ, ತಕ್ಕ ಹೊತ್ತು ರಾತ್ರಿ.

ವಿದ್ಯಾಸಂಸ್ಥೆಗಳ ಆವರಣದಲ್ಲಿ ಶೀಘ್ರ ಚಾರ್ಜರನ್ನು ಸ್ಥಾಪಿಸಲು ಇಚ್ಛಿಸುವ ದಾನಿಗಳೂ ಇದನ್ನು ಆಲೋಚಿಸಬೇಕು. ಪಾಠಕ್ಕೋ ಸಭೆಗೋ ಬಂದವರ ಕಾರು ಅಲ್ಲಿ ಗಂಟೆಗಟ್ಟಲೆ ನಿಂತೇ ಇರುತ್ತದೆ. 7 ಕಿಲೋವಾಟಿನ ಸಾಧಾರಣ ಚಾರ್ಜರು ನಾಲ್ಕು ಗಂಟೆಯಲ್ಲಿ ಸುಮಾರು 28 ಯೂನಿಟ್ ಕೊಡಬಲ್ಲುದು. 45 ಯೂನಿಟ್ಟಿನ ಬ್ಯಾಟರಿಗೆ ಅದು ಅರ್ಧಕ್ಕೂ ಮಿಗಿಲು. ಒಂದು ಶೀಘ್ರ ಚಾರ್ಜರಿಗೆ ತಗಲುವ ಹಣದಲ್ಲಿ ಇಂಥವನ್ನು ಅನೇಕ ಹಾಕಿಸಬಹುದು. ಗಂಟೆಗೊಮ್ಮೆ ಸಭೆಯಿಂದೆದ್ದು ಬಂದು ಕಾರನ್ನು ಸರಿಸುವ ತೊಂದರೆಯೂ ಆಗ ಇರುವುದಿಲ್ಲ.