ನೆಗಡಿಗೆ ಮೂಗು ಕೊಯ್ಯುವ ಗ್ಯಾರೇಜುಗಳು!

ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ಸೋತು ನಿಮ್ಮಲ್ಲಿ ಎಷ್ಟೋ ಮಂದಿ ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು ಕೊಂಡಿದ್ದೀರಿ. ತಪ್ಪಿಲ್ಲ. ಆದರೆ ಒಂದು ದಿನ ಆ ಕಾರು ನಡು ಸಿಗ್ನಲ್ಲಿನಲ್ಲಿ ಮುಷ್ಕರ ಹೂಡುತ್ತದೆ. ಗ್ಯಾರೇಜಿನವನು ಬಾನೆಟ್ಟನ್ನೂ ಎತ್ತದೆ ತೀರ್ಪು ಕೊಡುತ್ತಾನೆ: "ಬಾಕ್ಸ್ ಹೋಗಿದೆ ಸಾರ್, ಬದಲಾಯಿಸಬೇಕು." ನೀವು ತಲೆಯಾಡಿಸುತ್ತೀರಿ. ನಾನೂ ಆಡಿಸಿದವನೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ನಾಲ್ಕು ಗೇರಿನ ಹಳೆ ಆಟೊಮ್ಯಾಟಿಕ್. ಒಂದು ಮಳೆಗಾಲ ಮೈಸೂರು ರಸ್ತೆಯಲ್ಲಿ ಮೂರನೇ ಗೇರಿಗೆ ಅಂಟಿಕೊಂಡು ಕೂತಿತು. ದೊಡ್ಡ ಗಾಜಿನ ಬಾಗಿಲಿನ ವರ್ಕ್‌ಶಾಪಿಗೆ ಒಯ್ದೆ. ಕೊಟ್ಟ ಎಸ್ಟಿಮೇಟು ಒಂದು ಲಕ್ಷದ ಎಪ್ಪತ್ತು ಸಾವಿರ! ಕಾರು ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ. ನಾನು ಪ್ರೆಸ್ ನಡೆಸುವವನು. ಮೆಷಿನ್ನಿನ ಒಂದು ರೋಲರ್ ಸವೆದರೆ ಇಡೀ ಮೆಷಿನ್ ಗುಜರಿಗೆ ಹಾಕುತ್ತೇನೆಯೇ? ಕಾರನ್ನು ವಾಪಸ್ ತಂದು ಪರಿಚಯದ ಮೇಸ್ತ್ರಿಗೆ ತೋರಿಸಿದೆ. ಅವರು ಸ್ಕ್ಯಾನರ್ ಹಾಕಿದರು. ಪಿ0715 ಎಂದಿತು. ಬಾಕ್ಸಿನೊಳಗೆ ಬರುವ ವೇಗವನ್ನು ಅಳೆಯುವ ಸೆನ್ಸರಿನ ದೂರು ಅದು. ಅದರ ಪ್ಲಗ್ಗಿನೊಳಗೆ ನೀರು ಹೋಗಿ ಪಾಚಿ ಕಟ್ಟಿತ್ತು. ಉಜ್ಜಿ, ಸೆನ್ಸರ್ ಬದಲಿಸಿ, ಮೂರೂವರೆ ಸಾವಿರದಲ್ಲಿ ಮುಗಿಯಿತು.

ಇದನ್ನೇ ನಮ್ಮ ಹಿರಿಯರು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎಂದದ್ದು!

ನೆನಪಿಡಿ: ಸ್ಕ್ಯಾನರಿನಲ್ಲಿ ಪಿ0700 ಬಂದರೆ ಬಾಕ್ಸ್ ಸತ್ತಿದೆ ಎಂದರ್ಥವಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರ್ ಒಂದು ದೂರು ಬರೆದಿಟ್ಟಿದೆ, ಹೋಗಿ ಓದು ಎಂದಷ್ಟೇ ಅರ್ಥ. ಓದದೆಯೇ ಬಾಕ್ಸ್ ಇಳಿಸುವವನು ಮೆಕ್ಯಾನಿಕ್ ಅಲ್ಲ, ಜೇಬು ಕತ್ತರಿಸುವವನು. ಆಯಿಲ್ ಮಟ್ಟ, ವೈರು, ಬ್ಯಾಟರಿ, ಸೋಲೆನಾಯ್ಡ್, ಆಯಿಲ್ ಪ್ರೆಷರ್ ಇಷ್ಟನ್ನೂ ನೋಡಿಸಿ. ಪ್ಯಾನ್ ಇಳಿಸುವಾಗ ಪಕ್ಕದಲ್ಲೇ ನಿಲ್ಲಿ. ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ಮೆತ್ತನೆ ಪೇಸ್ಟ್ ಅಂಟಿದ್ದರೆ ಅದು ಮಾಮೂಲಿ ಸವೆತ. ಹೊಳೆಯುವ ಲೋಹದ ಚೂರು, ಸುಟ್ಟ ವಾಸನೆಯ ಕಪ್ಪು ಆಯಿಲ್ ಕಂಡರೆ ಅದು ಸಾವಿನ ಸುದ್ದಿ. ಆಯಿಲ್ ಸ್ಟ್ರಾಬೆರಿ ಹಾಲಿನಂತಿದ್ದರೆ ರೇಡಿಯೇಟರಿನ ನೀರು ಒಳಗೆ ಬೆರೆತಿದೆ. ಆಗ ರೇಡಿಯೇಟರನ್ನು ಹಾಗೇ ಬಿಟ್ಟು ಹೊಸ ಬಾಕ್ಸ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಇನ್ನು ನನ್ನ ಮೂರ್ಖತನದ ಕಥೆ ಕೇಳಿ. ಎರಡು ವರ್ಷದ ಮೇಲೆ ಅದೇ ಕಾರಿನ ಬಾಕ್ಸ್ ನಿಜವಾಗಿಯೇ ಸತ್ತಿತು. ಪ್ಯಾನಿನ ತುಂಬ ಲೋಹದ ಚೂರು. ಮೇಸ್ತ್ರಿ ಊರಿಗೆ ಹೋಗಿದ್ದರು. ಕಾಯುವ ತಾಳ್ಮೆ ನನಗಿರಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಇಪ್ಪತ್ತೆಂಟು ಸಾವಿರಕ್ಕೆ ಬಾಕ್ಸ್ ಹಿಡಿದೆ. ಕಡಿಮೆ ಕೂಲಿ ಕೇಳಿದ ಹುಡುಗನೊಬ್ಬನ ಕೈಗೆ ಕೊಟ್ಟೆ. ಅವನು ಬಾಕ್ಸನ್ನು ಎಂಜಿನ್ನಿಗೆ ಸೇರಿಸುವಾಗ ಅದು ಪೂರ್ತಿ ಕೂರಲಿಲ್ಲ. ಏನು ಮಾಡಿದ ಗೊತ್ತೆ? ಬೋಲ್ಟು ಬಿಗಿದು ಬಿಗಿದು ಎಳೆದ! ಸ್ಟಾರ್ಟ್ ಮಾಡಿದ ಗಳಿಗೆಯಲ್ಲೇ ಕರಕರ ಸದ್ದು. ಒಳಗಿನ ಪಂಪ್ ಚೂರು. ಇಪ್ಪತ್ತೆಂಟು ಸಾವಿರ ನೀರುಪಾಲು. "ಗುಜರಿ ಮಾಲು ಸಾರ್, ಹಾಗೇ" ಎಂದ. ಕೋತಿ ತಾನು ಬೆಣ್ಣೆ ತಿಂದು ಮೇಕೆಯ ಮೂತಿಗೆ ಒರೆಸಿತಂತೆ!

ಆದದ್ದೇನು? ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಡಬ್ಬಿ ಮೊದಲು ಬಾಕ್ಸಿನ ಪಂಪಿನೊಳಗೆ ಪೂರ್ತಿ ಕೂರಬೇಕು. ಮೆಲ್ಲಗೆ ತಿರುಗಿಸುತ್ತ ಒತ್ತಿದರೆ ಟಕ್, ಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿಯುತ್ತದೆ. ಬಾಕ್ಸ್ ಎಂಜಿನ್ನಿಗೆ ಕೈಯಿಂದಲೇ ಕೂಡಿಕೊಳ್ಳಬೇಕು, ಬೋಲ್ಟಿನ ಬಲದಿಂದಲ್ಲ. ಕೂಡಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಆಮೇಲೆ ಅದನ್ನು ಫ್ಲೆಕ್ಸ್ ಪ್ಲೇಟಿಗೆ ಬಿಗಿಯಬೇಕು. ತಿರುಗಲಿಲ್ಲವೋ, ಸ್ಪಾನರ್ ಕೆಳಗಿಡಲು ಹೇಳಿ.

ಹಾಗಾದರೆ ಯಾವ ಬಾಕ್ಸ್ ಕೊಳ್ಳಬೇಕು? ಕಂಪನಿಯ ಹೊಸದು ದುಬಾರಿ. ಹದಿನೈದು ವರ್ಷದ ಕಾರಿಗೆ ಅದನ್ನು ಹಾಕುವುದು ಮುರುಕು ಮನೆಗೆ ತೇಗದ ಬಾಗಿಲು ಇಟ್ಟಂತೆ. ಗುಜರಿಯದು ಅಗ್ಗ, ಆದರೆ ಅದರ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು? ಅದರ ಪ್ಯಾನನ್ನೂ ಬಿಚ್ಚಿಸಿ ನೋಡದೆ ಕಾಸು ಬಿಚ್ಚಬೇಡಿ. ಬಿಚ್ಚಿ, ಕ್ಲಚ್ ಪ್ಲೇಟು, ಸೀಲು ಹೊಸದು ಹಾಕಿ ಕಟ್ಟಿದ ಬಾಕ್ಸ್ ನಡುವಿನ ದಾರಿ. ನನ್ನ ಮತ ಅದಕ್ಕೇ. ಆದರೆ ಕಟ್ಟಿದವನು ರಸೀದಿಯಲ್ಲಿ ವಾರಂಟಿ ಬರೆದುಕೊಡಬೇಕು. ಮತ್ತೆ ಕೆಟ್ಟರೆ ಇಳಿಸಿ ಏರಿಸುವ ಕೂಲಿ ಯಾರದು ಎಂಬುದೂ ಅದರಲ್ಲಿರಬೇಕು. ಯಾವುದೇ ಕೊಳ್ಳಿ, ಬಾಕ್ಸಿನ ಮೈಮೇಲಿನ ಕೋಡ್ ಹಳೆಯದರ ಕೋಡಿಗೆ ಹೊಂದುತ್ತದೆಯೇ ನೋಡಿ. ಒಂದೇ ಮಾಡೆಲ್ ಕಾರಿನಲ್ಲೂ ಎಂಜಿನ್, ವರ್ಷ ಬದಲಾದರೆ ಗೇರಿನ ಅನುಪಾತ, ಸೆನ್ಸರಿನ ಪ್ಲಗ್ ಬದಲಾಗಿರುತ್ತವೆ.

ಕೂಲರ್ ಮತ್ತು ಅದರ ಪೈಪು ತೊಳೆಸದೆ ಬಾಕ್ಸ್ ಹಾಕಿಸಬೇಡಿ. ಸತ್ತ ಬಾಕ್ಸಿನ ಚೂರೆಲ್ಲ ಅಲ್ಲೇ ಅಡಗಿರುತ್ತದೆ, ಹೊಸದನ್ನೂ ತಿನ್ನುತ್ತದೆ. ಬಾಕ್ಸ್ ಇಳಿದಾಗಲೇ ಎಂಜಿನ್ನಿನ ಹಿಂದಿನ ಸೀಲು ಹಾಕಿಸಿ, ಫ್ಲೆಕ್ಸ್ ಪ್ಲೇಟ್ ಬಿರುಕು ಬಿಟ್ಟಿದೆಯೇ ನೋಡಿಸಿ. ಆಯಿಲ್ ಮಾತ್ರ ಕಂಪನಿ ಹೇಳಿದ್ದೇ ಆಗಬೇಕು. ಹ್ಯುಂಡೈನ ಹಳೆ ನಾಲ್ಕು ಗೇರಿನ ಬಾಕ್ಸ್ ಎಸ್‌ಪಿ-3 ಕೇಳುತ್ತದೆ. ಸಿವಿಟಿಗೆ ಸಿವಿಟಿ ಆಯಿಲೇ ಬೇಕು. "ಕೆಂಪಗಿದ್ದರೆ ಎಲ್ಲ ಒಂದೇ ಸಾರ್" ಎನ್ನುವವನಿಗೆ ನಮಸ್ಕಾರ ಹೇಳಿ ಬನ್ನಿ.

ಇಷ್ಟಾದ ಮೇಲೂ ಮೋಸ ಹೋದಿರೋ, ಗೋಳಾಡುತ್ತ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ದೂರು ಹೇಳಬಹುದು, ಹೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆ ನೀವೇ ಹೋಗಬಹುದು. ಆದರೆ ಅಲ್ಲಿ ಬಾಯಿಮಾತು ನಡೆಯುವುದಿಲ್ಲ, ಕಾಗದ ಬೇಕು. ಗುಜರಿಯಲ್ಲಿ ನಾನು ರಸೀದಿ ಕೇಳಿರಲಿಲ್ಲ. ಹುಡುಗನ ಹತ್ತಿರವೂ ಕೇಳಿರಲಿಲ್ಲ. ದಿನಕ್ಕೆ ಸಾವಿರಾರು ಬಿಲ್ ಪುಸ್ತಕ ಅಚ್ಚು ಹಾಕುವವನು ತನಗೊಂದು ಬಿಲ್ ಕೇಳಲಿಲ್ಲ! ನಾಚಿಕೆ ನನ್ನದು.

ನೀವು ನನ್ನಂತಾಗಬೇಡಿ. ನಾಳೆ ಯಾರಾದರೂ "ಬಾಕ್ಸ್ ಹೋಗಿದೆ" ಎಂದರೆ ಒಂದೇ ಮಾತು ಕೇಳಿ: "ಎಲ್ಲಿ, ತೋರಿಸು!" ತೋರಿಸುವವನಿಗೆ ಕಾಸು ಕೊಡಿ. ತೋರಿಸದವನಿಂದ ಕಾರಿನ ಕೀಲಿ ವಾಪಸ್ ಇಸಿದುಕೊಳ್ಳಿ.