ಗೇರುಪೆಟ್ಟಿಗೆಗೆ ಜ್ವರ ಬಂದರೆ

ದೇವರಾಯನದುರ್ಗಕ್ಕೆ ಹೋಗುವುದೆಂದರೆ ತುಮಕೂರಿನ ಸಂಸಾರವಂದಿಗರಿಗೆ ಚಿಕ್ಕದೊಂದು ಹಬ್ಬವೇ ಸರಿ. ಬುತ್ತಿಯಲ್ಲಿ ಪುಳಿಯೋಗರೆ ಮತ್ತು ಮೊಸರನ್ನ. ದಾರಿಯಲ್ಲಿ, ಶ್ರೀರಾಮನ ಬಾಣದಿಂದ ಚಿಮ್ಮಿತೆಂದು ಹಿರಿಯರು ಹೇಳುವ ನಾಮದ ಚಿಲುಮೆ. ಬೆಟ್ಟದ ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮೈಸೂರಿನ ಚಿಕ್ಕದೇವರಾಜ ಒಡೆಯರು ಈ ಕೋಟೆಯನ್ನು ಗೆದ್ದುಕೊಂಡ ಮೇಲೆ ಬೆಟ್ಟಕ್ಕೆ ಈಗಿನ ಹೆಸರು ನಿಂತಿತು. ನಗರದಿಂದ ಹದಿನೈದು ಕಿಲೋಮೀಟರಿನಷ್ಟು ಮಾತ್ರ ದೂರವಾದರೂ, ಕೊನೆಯ ಏರು ಕಡಿದಾದುದು, ತಿರುವುಗಳೂ ಬಿಗಿಯಾದುವು. ಒಂದು ಕಾಲದಲ್ಲಿ ಅಲ್ಲಿ ಕೋಟೆಯ ಕಾವಲುಗಾರರು ಶತ್ರುವಿನ ಬಲವನ್ನು ಪರೀಕ್ಷಿಸುತ್ತಿದ್ದರು; ಈಗ ಬೆಟ್ಟವೇ ಮೋಟಾರುಗಳ ಬಲವನ್ನು ಪರೀಕ್ಷಿಸುತ್ತದೆ.

ಇಂಥ ಪರೀಕ್ಷೆಗೆ ಒಳಗಾದ ಒಂದು ಸಂಸಾರವನ್ನು ಓದುಗರು ಊಹಿಸಿಕೊಳ್ಳಬಹುದು. ತಂದೆ ನಿವೃತ್ತ ಉಪಾಧ್ಯಾಯರು. ಮಗನಿಗೆ ಬೆಂಗಳೂರಿನಲ್ಲಿ ಉದ್ಯೋಗ. ಸಾಲದ ಕಂತಿನ ಮೇಲೆ ಕೊಂಡ ಕಾರಿಗೆ ಇನ್ನೂ ಎರಡು ವರ್ಷ ತುಂಬಿಲ್ಲ. ಅದು ತಾನೇ ಗೇರು ಬದಲಿಸಿಕೊಳ್ಳುವ ಜಾತಿಯದು. ಎಡಗಾಲಿಗೆ ಕೆಲಸವಿಲ್ಲ, ಕ್ಲಚ್ಚಿನ ಪೆಡಲೇ ಇಲ್ಲ. ಮುಂದಿನ ತಿಂಗಳು ಅದೇ ಕಾರನ್ನು ಚೆನ್ನೈ ಬಳಿಯ ಶ್ರೀಪೆರುಂಬುದೂರಿನ ಪಂದ್ಯದ ಹಾದಿಗೆ ಒಯ್ದು, ಸ್ನೇಹಿತರೊಡನೆ ಒಂದು ದಿನ ಮನದಣಿಯೆ ಓಡಿಸಬೇಕೆಂದು ಮಗನ ಆಸೆ. ಈ ಸಂಗತಿ ಸೊಸೆಗೆ ಗೊತ್ತು, ಮಾವನವರಿಗೆ ಗೊತ್ತಿಲ್ಲ.

ಶನಿವಾರದ ದರ್ಶನಕ್ಕೆಂದು ಐವರೂ ಹೊರಟರು. ಮೇಲಿನ ಏರಿನಲ್ಲಿ ಮುಂದೆ ಯಾತ್ರಿಕರಿಂದ ತುಂಬಿದ ಒಂದು ಟೆಂಪೋ. ಅದು ನಾಲ್ಕು ಮಾರು ಹೋಗುವುದು, ನಿಲ್ಲುವುದು. ಮಗನು ಬ್ರೇಕನ್ನು ಒತ್ತುವ ಬದಲು, ಆಕ್ಸಿಲರೇಟರನ್ನೇ ಹಗುರವಾಗಿ ಅದುಮಿ ಕಾರನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುತ್ತ ಬಂದನು. ಹೀಗೆ ಕಾಲುಗಂಟೆ ಕಳೆಯುವಷ್ಟರಲ್ಲಿ ಎದುರಿನ ಫಲಕದಲ್ಲಿ ಒಂದು ದೀಪ ಹತ್ತಿಕೊಂಡಿತು. ಸುಟ್ಟ ಎಣ್ಣೆಯ ಕಮಟು ವಾಸನೆ ಒಳಗೆ ಸುಳಿಯಿತು.

“ಏನಪ್ಪಾ ಅದು? ನೀರು ಕುದಿಯಿತೇ?” ಎಂದರು ತಂದೆ.

“ಇಲ್ಲಪ್ಪಾ, ಎಂಜಿನ್ನು ಸರಿಯಾಗಿದೆ. ಬಿಸಿಯಾಗಿರುವುದು ಗೇರುಪೆಟ್ಟಿಗೆ.”

“ಗೇರುಪೆಟ್ಟಿಗೆಗೂ ಜ್ವರ ಬರುತ್ತದೆಯೇ!” ಎಂದು ಹಿರಿಯರು ಬೆರಗಾದರು. ಅವರು ಕಂಡ ಕಾಲದ ಬಸ್ಸುಗಳಲ್ಲಿ ಕುದಿಯುತ್ತಿದ್ದುದು ರೇಡಿಯೇಟರಿನ ನೀರು. ಚಕ್ರದ ಹಿಂದೆ ಕಲ್ಲು ಕೊಟ್ಟು, ಯಂತ್ರ ಆರುವವರೆಗೆ ಕಾದು, ಡಬ್ಬದಿಂದ ನೀರು ಹೊಯ್ದು ಮುಂದೆ ಹೋಗುವುದು ಆಗಿನ ಪದ್ಧತಿ.

ಗೇರುಪೆಟ್ಟಿಗೆಗೆ ಜ್ವರ ಬರುವ ಬಗೆಯನ್ನು ತಿಳಿಯಬೇಕಾದರೆ ಅದರ ಹೊಟ್ಟೆಯೊಳಗೆ ಇಣುಕಬೇಕು. ಎದುರುಬದುರಾಗಿ ಎರಡು ಬೀಸಣಿಗೆಗಳನ್ನು ಇಟ್ಟು, ಒಂದನ್ನು ವಿದ್ಯುತ್ತಿನಿಂದ ತಿರುಗಿಸಿದರೆ, ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುತ್ತದೆ. ಗಾಳಿಯ ಸ್ಥಾನದಲ್ಲಿ ಎಣ್ಣೆಯನ್ನು ತುಂಬಿದರೆ ಅದೇ ಟಾರ್ಕ್ ಕನ್ವರ್ಟರಿನ ಮೂಲತತ್ತ್ವ. ಎಂಜಿನ್ನು ತಿರುಗಿಸುವ ಚಕ್ರವು ಎಣ್ಣೆಯನ್ನು ಎರಚುತ್ತದೆ. ಗೇರುಗಳಿಗೆ ಸೇರಿದ ಚಕ್ರವು ಆ ಎರಚಲಿಗೆ ತಿರುಗುತ್ತದೆ. ನಡುವಣ ಮೂರನೆಯ ಚಕ್ರವು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಬಲವನ್ನು ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫೋಟಿಂಗರ್ ಎಂಬ ಯಂತ್ರಜ್ಞನು 1905ರಲ್ಲಿ ಈ ಉಪಾಯಕ್ಕೆ ಹಕ್ಕುಪತ್ರ ಪಡೆದುದು ಮೋಟಾರಿಗಾಗಿ ಅಲ್ಲ, ಹಡಗುಗಳಿಗಾಗಿ. ಅಮೆರಿಕದಲ್ಲಿ 1939ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ‘ಹೈಡ್ರಾಮ್ಯಾಟಿಕ್’ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಜೋಡಿಸಿ ಮಾರಾಟಕ್ಕಿಟ್ಟಿತು. 1948ರಲ್ಲಿ ಬ್ಯೂಯಿಕ್ ಕಾರಿನ ‘ಡೈನಾಫ್ಲೋ’ದೊಡನೆ ಟಾರ್ಕ್ ಕನ್ವರ್ಟರು ಮನೆಯ ಮೋಟಾರಿಗೂ ಬಂದಿತು.

ಈ ಏರ್ಪಾಡಿನ ಸುಖಕ್ಕೆ ತೆರಬೇಕಾದ ಬೆಲೆಯೊಂದುಂಟು. ಎರಡು ಚಕ್ರಗಳೂ ಒಂದೇ ವೇಗದಲ್ಲಿ ತಿರುಗದೆ ಇರುವಾಗ ನಡುವಣ ಎಣ್ಣೆ ಸುಮ್ಮನೆ ಕಡೆಯಲ್ಪಡುತ್ತದೆ. ಮಜ್ಜಿಗೆ ಕಡೆದಂತೆ ಕಡೆದ ಆ ಶ್ರಮವೆಲ್ಲ ಉಷ್ಣವಾಗಿ ಪರಿಣಮಿಸುತ್ತದೆ. ನೇರವಾದ ರಸ್ತೆಯಲ್ಲಿ ಸಮವೇಗದಿಂದ ಹೋಗುವಾಗ ಆಧುನಿಕ ಕಾರುಗಳಲ್ಲಿ ಒಂದು ಒಳಕ್ಲಚ್ಚು ಎರಡು ಚಕ್ರಗಳನ್ನೂ ಬಿಗಿಯಾಗಿ ಕೂಡಿಸಿಬಿಡುವುದರಿಂದ ಈ ನಷ್ಟ ಅತ್ಯಲ್ಪ. ಕಡಿದಾದ ಏರಿನಲ್ಲಿ ತೆವಳುವಾಗ ಆ ಕ್ಲಚ್ಚು ಬಿಟ್ಟುಕೊಂಡಿರುತ್ತದೆ. ಕಾರನ್ನು ಆಕ್ಸಿಲರೇಟರಿನಿಂದಲೇ ಹಿಡಿದು ನಿಲ್ಲಿಸಿದರಂತೂ ಎಂಜಿನ್ನಿನ ದುಡಿಮೆಯಲ್ಲಿ ಒಂದು ಪಾಲೂ ಚಕ್ರಕ್ಕೆ ಸಲ್ಲದೆ, ಅಷ್ಟೂ ಎಣ್ಣೆಯನ್ನು ಕಾಯಿಸುವುದಕ್ಕೇ ವ್ಯಯವಾಗುತ್ತದೆ.

ಇದರ ಪ್ರಮಾಣವನ್ನು ಲೆಕ್ಕದಿಂದ ಅರಿಯಬಹುದು. ಐದು ಜನರೊಡನೆ ಕಾರಿನ ತೂಕ 1,500 ಕಿಲೋಗ್ರಾಂ, ಏರಬೇಕಾದ ಎತ್ತರ 300 ಮೀಟರು ಎಂದಿಟ್ಟುಕೊಂಡರೆ, ಆ ಭಾರವನ್ನು ಮೇಲೆತ್ತಲು ಬೇಕಾಗುವ ಶಕ್ತಿಯು 25 ಡಿಗ್ರಿಯ 14 ಲೀಟರು ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಎಂಜಿನ್ನು ಕೊಟ್ಟ ಶಕ್ತಿಯಲ್ಲಿ ಐದರಲ್ಲೊಂದು ಪಾಲು ಕನ್ವರ್ಟರಿನಲ್ಲಿ ನಷ್ಟವಾಗಿ, ಅದೆಲ್ಲವೂ ಒಳಗಿನ 8 ಲೀಟರು ಎಣ್ಣೆಯಲ್ಲೇ ಉಳಿದರೆ, ಎಣ್ಣೆಯ ತಾಪ 80 ಡಿಗ್ರಿಗಳಷ್ಟು ಮೇಲೇರುತ್ತದೆ. ಹಾಗಾಗದಿರಲು ಕಾರಣ ಎರಡು: ಪೆಟ್ಟಿಗೆಯ ಲೋಹವು ಉಷ್ಣದ ಒಂದು ಭಾಗವನ್ನು ಹೀರಿಕೊಳ್ಳುತ್ತದೆ, ಉಳಿದುದನ್ನು ಎಣ್ಣೆಯ ಕೂಲರು, ಅಂದರೆ ತಂಪುಗೊಳಿಸುವ ಸುರುಳಿ, ಹೊರಹಾಕುತ್ತದೆ. ಹಲವು ಕಾರುಗಳಲ್ಲಿ ಈ ಕೂಲರು ರೇಡಿಯೇಟರಿನೊಳಗೇ ಅಡಗಿರುತ್ತದೆ. ಆದರೆ ಕೂಲರಿಗೂ ಗಾಳಿ ಬೇಕು. ತೆವಳುವ ಕಾರಿಗೆ ಎದುರುಗಾಳಿ ಎಲ್ಲಿಯದು?

ಎಣ್ಣೆಗೆ 80ರಿಂದ 95 ಡಿಗ್ರಿ ಸೆಂಟಿಗ್ರೇಡಿನವರೆಗಿನ ಬಿಸಿ ಸಹಜವಾದುದು. ಅದಕ್ಕಿಂತ ಮೇಲೆ, ಪ್ರತಿ 11 ಡಿಗ್ರಿಯ ಏರಿಕೆಗೂ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆಂಬುದು ಯಂತ್ರಜ್ಞರ ಹಳೆಯ ಸ್ಥೂಲ ಲೆಕ್ಕ. 115ರ ಆಸುಪಾಸಿನಲ್ಲಿ ಎಣ್ಣೆ ಕೆಟ್ಟು ಅರಗಿನಂಥ ಲೇಪ ಹಿಡಿಯತೊಡಗುತ್ತದೆ. ಇನ್ನೂ ಏರಿದರೆ ರಬ್ಬರಿನ ಬಿರಡೆಗಳು ಪೆಡಸಾಗುತ್ತವೆ. ಬಳಿಕ ಒಳಗಿನ ಕ್ಲಚ್ಚುಗಳು ಜಾರಿ ಸುಟ್ಟುಹೋಗುತ್ತವೆ. ಹೊಸ ಎಣ್ಣೆಗೆ ಸಾಮಾನ್ಯವಾಗಿ ದಾಳಿಂಬೆಯ ರಸದ ಬಣ್ಣ. ಅದು ಕಾಫಿಯ ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬೀರಿದರೆ ವೈದ್ಯನನ್ನು ಕರೆಯುವ ಕಾಲ ಬಂದಿತೆಂದೇ ಅರ್ಥ.

ದುರ್ಗದ ತಿರುವಿನಲ್ಲಿ ಮಗನು ಕಾರನ್ನು ಅಂಚಿನ ಸಮತಟ್ಟು ಜಾಗಕ್ಕೆ ತಂದು, ಎಂಜಿನ್ನನ್ನು ಆರಿಸಲು ಕೈ ನೀಡಿದನು. ಅಷ್ಟರಲ್ಲಿ ಸೊಸೆ ಮುಂದಿನ ಗೂಡಿನಿಂದ ಕಾರಿನ ಕೈಪಿಡಿಯನ್ನು ತೆಗೆದು ಹಾಳೆ ತಿರುವುತ್ತಿದ್ದಳು.

“ರೀ, ಆರಿಸಬೇಡಿ! ‘ಪಿ’ಗೆ ಹಾಕಿ, ಕೈಬ್ರೇಕು ಎಳೆದು, ಎಂಜಿನ್ನು ಓಡುತ್ತಲೇ ಇರಲಿ ಎಂದು ಬರೆದಿದ್ದಾರೆ.”

ಕೈಪಿಡಿಯ ಮಾತಿಗೆ ತಕ್ಕ ಕಾರಣವಿದೆ. ಎಣ್ಣೆಯನ್ನು ಕೂಲರಿನತ್ತ ತಳ್ಳುವ ಪಂಪು ತಿರುಗುವುದು ಎಂಜಿನ್ನಿನ ಬಲದಿಂದ. ಎಂಜಿನ್ನು ನಿಂತರೆ ಪಂಪೂ ನಿಲ್ಲುತ್ತದೆ. ಕಾದ ಎಣ್ಣೆ ಕಾದಲ್ಲಿಯೇ ಉಳಿಯುತ್ತದೆ. ಎಂಜಿನ್ನಿನ ನೀರೇ ಕುದಿಯುತ್ತಿದ್ದರೆ ಮಾತು ಬೇರೆ. ಕಾರು ಕಾರಿಗೂ ಕ್ರಮದಲ್ಲಿ ಭೇದವುಂಟು. ಆದುದರಿಂದ ಆಯಾ ಕಾರಿನ ಕೈಪಿಡಿಯೇ ಪ್ರಮಾಣ. ಕಾದ ಪೆಟ್ಟಿಗೆಯ ಮೇಲೆ ತಣ್ಣೀರು ಸುರಿಯುವ ಸಾಹಸವನ್ನಂತೂ ಯಾರೂ ಮಾಡಲಾಗದು; ಕಾದ ಲೋಹ ಹಠಾತ್ತನೆ ತಣಿದರೆ ಬಿರುಕು ಬಿಡುವ ಭಯವಿದೆ.

ಸ್ವಲ್ಪ ಹೊತ್ತಿನಲ್ಲಿ ದೀಪ ಆರಿತು. ಆ ಬಿಡುವಿನಲ್ಲಿ ಪಂದ್ಯದ ಹಾದಿಯ ವಿಷಯವೂ ಹೊರಬಿತ್ತು.

“ಈ ಏರಿಗೇ ಹೀಗಾದರೆ, ಅಲ್ಲಿ ಹೇಗಪ್ಪಾ?” ಎಂದು ತಂದೆ ಕೇಳಿದರು. ಗದರಿಕೆಯ ದನಿಯಿರಲಿಲ್ಲ, ಆದುದರಿಂದಲೇ ಮಗನಿಗೆ ಉತ್ತರ ಹೇಳುವುದು ಕಷ್ಟವಾಯಿತು.

ಪ್ರಶ್ನೆ ಸಕಾರಣವಾದುದು. ಶ್ರೀಪೆರುಂಬುದೂರಿನ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಹಾದಿಯ ಒಂದು ಸುತ್ತು ಸುಮಾರು 3.7 ಕಿಲೋಮೀಟರು. ಅಲ್ಲಿ ಎದುರುಗಾಳಿಗೆ ಕೊರತೆಯಿಲ್ಲ. ಆದರೆ ಪ್ರತಿ ತಿರುವಿಗೂ ಬಲವಾದ ಬ್ರೇಕು, ಗೇರಿನ ಇಳಿತ, ಮತ್ತೆ ಪೂರ್ಣವೇಗ; ಒಳಕ್ಲಚ್ಚುಗಳು ಕ್ಷಣಕ್ಷಣಕ್ಕೂ ಹಿಡಿದು ಬಿಡುತ್ತಿರುತ್ತವೆ. ಇತ್ತ ರೇಡಿಯೇಟರಿನ ನೀರೂ ಬಿಸಿಯೇರಿರುವುದರಿಂದ ಅದರೊಳಗಿನ ಕೂಲರು ಎಣ್ಣೆಯನ್ನು ತಣಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದುರ್ಗದ ಏರು ಒಂದು ಸಲ ಮುಗಿಯುತ್ತದೆ. ಪಂದ್ಯದ ಹಾದಿ ಮುಗಿಯುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ.

ಆದರೂ ಅಂಥ ಆಸೆಯುಳ್ಳವರಿಗೆ ಮಾರ್ಗವಿಲ್ಲದಿಲ್ಲ. ಮೊದಲನೆಯದು, ತಯಾರಕರು ಹೇಳಿದ ಜಾತಿಯ ಹೊಸ ಎಣ್ಣೆಯನ್ನೇ ಹೇಳಿದ ಮಟ್ಟಕ್ಕೆ ತುಂಬಿಸುವುದು. ಮಟ್ಟ ಕಡಮೆಯಾದರೆ ಪಂಪು ಗಾಳಿಯನ್ನು ಎಳೆಯುತ್ತದೆ. ಹೆಚ್ಚಾದರೆ ಎಣ್ಣೆ ನೊರೆಯೇಳುತ್ತದೆ. ಎರಡನೆಯದು, ರೇಡಿಯೇಟರಿನ ಮುಂದೆ ಗಾಳಿಗೆ ಒಡ್ಡಿದ ಪ್ರತ್ಯೇಕ ಕೂಲರನ್ನು ಬಲ್ಲವರಿಂದ ಜೋಡಿಸುವುದು. ಎಣ್ಣೆ ತೀರ ತಣ್ಣಗಿದ್ದರೂ ಗೇರು ಸರಿಯಾಗಿ ಬೀಳದು, ಆದುದರಿಂದ ಅದಕ್ಕೆ ತಾಪನಿಯಂತ್ರಕ ಕವಾಟವೂ ಇರಬೇಕು. ಮೂರನೆಯದು, ಎಣ್ಣೆಯ ತಾಪ ತೋರಿಸುವ ಮಾಪಕ. ದೀಪ ಹತ್ತುವ ಹೊತ್ತಿಗೆ ಅಪಾಯ ಬಂದೇ ಇರುತ್ತದೆ. ಮಾಪಕವು ಬರುವುದನ್ನು ಮೊದಲೇ ತಿಳಿಸುತ್ತದೆ. ನಾಲ್ಕನೆಯದಕ್ಕೆ ಕಾಸೂ ಖರ್ಚಿಲ್ಲ: ಕೆಲವು ಸುತ್ತು ವೇಗವಾಗಿ ಓಡಿಸಿದ ಮೇಲೆ ಒಂದು ಸುತ್ತು ಮೆಲ್ಲಗೆ ಹೋಗಿ ಯಂತ್ರಕ್ಕೆ ಉಸಿರಾಡಲು ಬಿಡುವುದು. ಕೊನೆಯದಾಗಿ, ವಿಮೆಯ ಪತ್ರವನ್ನು ಓದುವುದು. ಭಾರತದ ಸಾಮಾನ್ಯ ಮೋಟಾರು ವಿಮೆಯು ಸಂಘಟಿತ ಪಂದ್ಯವನ್ನಾಗಲಿ ವೇಗಪರೀಕ್ಷೆಯನ್ನಾಗಲಿ ಒಪ್ಪುವುದಿಲ್ಲ. ಅಲ್ಲಿ ಕಾರು ಮುರಿದರೆ ಮುರಿದ ಕಾರೂ ಉಳಿದ ಕಂತುಗಳೂ ಮನೆಗೇ ಸೇರಿದುವು.

ಎಲ್ಲ ಸ್ವಯಂಚಾಲಿತ ಪೆಟ್ಟಿಗೆಗಳೂ ಒಂದೇ ತೆರನಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು. 2014ರಲ್ಲಿ ಮಾರುತಿ ಸೆಲೇರಿಯೋ ಕಾರಿನೊಡನೆ ಮಧ್ಯಮವರ್ಗದ ಮನೆಗಳಿಗೆ ಬಂದ ಎ.ಎಂ.ಟಿ. ಎಂಬುದರಲ್ಲಿ ಕನ್ವರ್ಟರೇ ಇಲ್ಲ. ಸಾಮಾನ್ಯ ಕ್ಲಚ್ಚನ್ನು ಕಾಲಿನ ಬದಲು ಯಂತ್ರವೊಂದು ಒತ್ತುತ್ತದೆ. ಇಂಥ ಕಾರನ್ನು ಏರಿನಲ್ಲಿ ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಿದರೆ ಸುಡುವುದು ಎಣ್ಣೆಯಲ್ಲ, ಕ್ಲಚ್ಚೇ. ಒಣ ಜೋಡಿಕ್ಲಚ್ಚಿನ ಪೆಟ್ಟಿಗೆಗೂ ಇದೇ ಮಾತು. ಉಪಾಯ ಎಲ್ಲಕ್ಕೂ ಒಂದೇ: ನಿಲ್ಲುವಾಗ ಬ್ರೇಕು ಒತ್ತಬೇಕು, ಮುಂದಿನ ವಾಹನಕ್ಕೆ ಅಂತರ ಕೊಟ್ಟು, ದಾರಿ ತೆರವಾದ ಮೇಲೆ ಒಂದೇ ಓಟದಲ್ಲಿ ಏರಬೇಕು, ಗೇರನ್ನು ಕೆಳಗಿನದರಲ್ಲಿ ಉಳಿಸಿಕೊಳ್ಳಬೇಕು.

ದರ್ಶನ ಮುಗಿಸಿ ಇಳಿಯುವಾಗ ಮಗನು ಅದನ್ನೇ ಮಾಡಿದನು. ಏರುವಾಗ ಸಂಗ್ರಹವಾದ ಶಕ್ತಿಯೆಲ್ಲ ಇಳಿಯುವಾಗ ಉಷ್ಣವಾಗಿಯೇ ಹೊರಬೀಳಬೇಕು. ಅದನ್ನೆಲ್ಲ ಬ್ರೇಕಿನ ಮೇಲೆ ಹೊರಿಸದೆ, ಕೆಳಗಿನ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯುವಂತೆ ಮಾಡುವುದು ಕ್ರಮ. ಪೆಟ್ರೋಲು ಉಳಿಯುವುದೆಂಬ ಭ್ರಮೆಯಿಂದ ನ್ಯೂಟ್ರಲಿನಲ್ಲಿ ಜಾರಿಬಿಡುವುದು ಯಂತ್ರಕ್ಕೂ ಕೇಡು, ಪ್ರಾಣಕ್ಕೂ ಅಪಾಯ.

ನಾಮದ ಚಿಲುಮೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಮಗನೇ ಮಾತು ತೆಗೆದನು.

“ಮುಂದಿನ ತಿಂಗಳು ಕಾರು ಬೇಡಪ್ಪಾ. ಬರಿಗೈಯಲ್ಲಿ ಹೋಗಿ ನೋಡಿಕೊಂಡು ಬರುತ್ತೇನೆ. ಕೂಲರು, ಮಾಪಕ ಎಲ್ಲ ಆದ ಮೇಲೆ ಓಡಿಸುವ ಮಾತು.”

“ಕಂತು?” ಎಂದಳು ಸೊಸೆ.

“ಕಂತೂ ತೀರಿದ ಮೇಲೆ.”

ತಂದೆಯವರು ಎಲೆಯ ಮೇಲಿನ ಪುಳಿಯೋಗರೆಯನ್ನು ನಿಧಾನವಾಗಿ ಮುಗಿಸಿ ಕೈತೊಳೆದರು. “ನೋಡುವುದಕ್ಕಾದರೆ ನಾನೂ ಬರುತ್ತೇನೆ. ಅಷ್ಟು ವೇಗವನ್ನು ನಾನೂ ಕಂಡಿಲ್ಲ” ಎಂದರು.