ಝಕಾತ್ ಕಳಿಸಿದರೆ ಮುಗಿಯಿತೇ?

ರಮಝಾನ್ ಬಂತೆಂದರೆ ಇಂದಿರಾನಗರ, ಕೆ.ಆರ್. ಪುರದ ಕಡೆ ಕೆಲಸದಲ್ಲಿರುವ ನಮ್ಮ ಹುಡುಗರು ಲೆಕ್ಕ ಹಾಕಿ ಶೇ. 2.5ರ ಝಕಾತನ್ನು ಮೊಬೈಲ್‌ನಲ್ಲೇ ಕಳಿಸಿಬಿಡುತ್ತಾರೆ. ಸಂತೋಷ. ಆದರೆ ಅಷ್ಟಕ್ಕೇ ಮುಗಿಯಿತೇ?

1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಎಜುಕೇಶನಲ್ ಸೊಸೈಟಿ ಆರಂಭಿಸಿದಾಗ ಡಾ. ಮುಮ್ತಾಝ್ ಅಹ್ಮದ್ ಖಾನ್ ಮೂವತ್ತರ ಆಸುಪಾಸಿನ ವೈದ್ಯರು. ತಮ್ಮ ಆಯುಷ್ಯವನ್ನೇ ಅದಕ್ಕೆ ಕೊಟ್ಟರು. ಕೋವಿಡ್ ಕಾಲದಲ್ಲಿ ಇದೇ ನಗರದ ಮರ್ಸಿ ಮಿಷನ್‌ನ ಸ್ವಯಂಸೇವಕರು ಜಾತಿ ಮತ ನೋಡದೆ ಮೃತರ ಅಂತ್ಯಸಂಸ್ಕಾರ ಮಾಡಿದರು. ಮನೆಯವರೇ ಹತ್ತಿರ ಹೋಗಲು ಹೆದರುತ್ತಿದ್ದ ದಿನಗಳವು.

ಇವತ್ತು ಬೇಕಿರುವುದು ಅಷ್ಟು ದೊಡ್ಡ ಧೈರ್ಯವೇನಲ್ಲ. ಮದ್ರಸದಲ್ಲಿ ಕಲಿಸುವ ನಾವು ಪ್ರತಿವರ್ಷ ನೋಡುತ್ತೇವೆ: ಅಂಕ ಇದೆ, ಅರ್ಹತೆ ಇದೆ, ಆದಾಯ ಪ್ರಮಾಣಪತ್ರ ಮಾಡಿಸಿ, ಆನ್‌ಲೈನ್ ಅರ್ಜಿ ತುಂಬಿಸಿಕೊಡುವವರಿಲ್ಲದೆ ಮಕ್ಕಳ ಸ್ಕಾಲರ್‌ಶಿಪ್ ತಪ್ಪಿಹೋಗುತ್ತದೆ. ತಂದೆ ಬೆಳಗ್ಗೆಯೇ ಅಂಗಡಿಗೆ ಹೋಗಿರುತ್ತಾರೆ, ಉಮ್ಮನಿಗೆ ಓದು ಬಾರದು. ಲ್ಯಾಪ್‌ಟಾಪ್ ಇರುವ ನಮ್ಮ ಇಂಜಿನಿಯರ್‌ಗೆ ಅದು ಅರ್ಧ ಗಂಟೆಯ ಕೆಲಸ.

ಭಾನುವಾರ ಎರಡು ಗಂಟೆ ಶಿವಾಜಿನಗರಕ್ಕೋ ಹಲಸೂರಿಗೋ ಬನ್ನಿ ಮಕ್ಕಳೇ. ಅರ್ಜಿ ತುಂಬಿಸಿ, ಎಸೆಸೆಲ್ಸಿಯವರಿಗೆ ಗಣಿತ ಹೇಳಿಕೊಡಿ. ಫೋಟೊ, ಬ್ಯಾನರ್ ಬೇಡ. ಪಡೆಯುವ ಮಗುವಿಗೂ ಮಾನವಿದೆ. ಒಂದು ದಿನ ಬಂದು ಮಾಯವಾಗಬೇಡಿ. ಮುಂದಿನ ವಾರವೂ ಆ ಮಗು ಪುಸ್ತಕ ಹಿಡಿದು ನಿಮಗಾಗಿ ಕಾಯುತ್ತಿರುತ್ತದೆ.